ಸವಾರಿಗೆ ಮುನ್ನ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಉತ್ತರ ದಂಡೆಯ ಮೇಲೆ ಆನೆಗೊಂದಿ ಎಂಬ ಪುರಾತನ ಗ್ರಾಮವಿದೆ. ನದಿಯ ಆಚೆಯ ದಡದಲ್ಲಿ ಹಂಪೆ; ಈಚೆಯ ದಡದಲ್ಲಿ ಆನೆಗೊಂದಿ. ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಹೆಬ್ಬಂಡೆಗಳು, ಅವುಗಳ ನಡುವೆ ಹಸುರಾದ ಬತ್ತದ ಗದ್ದೆಗಳು, ಬಾಳೆಯ ತೋಟಗಳು, ದೂರದಲ್ಲಿ ತಲೆಯೆತ್ತಿ ನಿಂತ ಅಂಜನಾದ್ರಿ ಬೆಟ್ಟ — ಇವು ಇಲ್ಲಿಗೆ ಬಂದವರ ಕಣ್ಣನ್ನು ಮೊದಲು ಸೆಳೆಯುತ್ತವೆ. ವಿಜಯನಗರ ಸಾಮ್ರಾಜ್ಯವು ತಲೆಯೆತ್ತುವುದಕ್ಕೂ ಮೊದಲೇ ಆನೆಗೊಂದಿಯು ಕೋಟೆಯುಳ್ಳ ಊರಾಗಿದ್ದಿತು. ಊರಿನ ಹೆಸರಿನಲ್ಲಿ ಆನೆಯಿದೆ. ಆದರೆ ಇಲ್ಲಿಯ ಚರಿತ್ರೆಯಲ್ಲಿ ಆನೆಯಷ್ಟೇ ಮುಖ್ಯವಾದ ಪಾತ್ರವನ್ನು ವಹಿಸಿದ ಮತ್ತೊಂದು ಪ್ರಾಣಿಯಿದೆ, ಅದು ಕುದುರೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿಯು ಆನೆಗೊಂದಿಯ ದೋಣಿಘಟ್ಟವನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿರುವ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ಜನರು ನದಿಯನ್ನು ದಾಟುತ್ತಿದ್ದರು. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಕುಳಿತುಕೊಳ್ಳಬಹುದಾಗಿತ್ತು. ಅಗತ್ಯ ಬಿದ್ದರೆ ಕುದುರೆಗಳನ್ನೂ ಎತ್ತುಗಳನ್ನೂ ಅವುಗಳಲ್ಲಿ ಸಾಗಿಸುತ್ತಿದ್ದರು. ಆದರೆ ಸಾಮಾನ್ಯವಾಗಿ ಆ ಪ್ರಾಣಿಗಳು ಈಜಿಯೇ ದಡ ಸೇರುತ್ತಿದ್ದವು. ಹರಿಗೋಲು ನೇರವಾಗಿ ಚಲಿಸದೆ ಗಿರಗಿರನೆ ತಿರುಗುತ್ತ ಸಾಗುವುದನ್ನು ಕಂಡು ಅವನಿಗೆ ಬೆರಗಾಯಿತು. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಹೊದ್ದ ಹರಿಗೋಲುಗಳನ್ನು ಈ ಪ್ರದೇಶದಲ್ಲಿ ಇಂದಿಗೂ ಕಾಣಬಹುದು.

ರಜೆಯ ದಿನಗಳಲ್ಲಿ ಹಂಪೆ, ಆನೆಗೊಂದಿಗಳನ್ನು ನೋಡಲು ಬರುವವರು ಅಸಂಖ್ಯಾತ. ಇಂಥ ಬಂಡೆಗಳ ನಾಡಿನಲ್ಲಿ, ರಾವುತರು ಸಂಚರಿಸಿದ ಹಾದಿಯಲ್ಲಿ ತಾವೂ ಒಮ್ಮೆ ಕುದುರೆಯೇರಿ ಹೋಗಬೇಕೆಂಬ ಆಸೆ ಕೆಲವರಿಗಾದರೂ ಹುಟ್ಟುವುದು ಸಹಜ. ಮಹಾರಾಷ್ಟ್ರದ ಮಾಥೇರಾನಿನಂಥ ಗಿರಿಧಾಮಗಳಲ್ಲಿ ಪ್ರವಾಸಿಗರು ಕುದುರೆಗಳ ಮೇಲೆ ಸುತ್ತಾಡುವುದು ವಾಡಿಕೆ. ಕಡಲ ತೀರಗಳಲ್ಲಿ, ಉದ್ಯಾನಗಳಲ್ಲಿ, ಜಾತ್ರೆಗಳಲ್ಲಿಯೂ ಬಾಡಿಗೆಯ ಕುದುರೆಗಳು ನಿಂತಿರುತ್ತವೆ. “ಕುದುರೆ ಕಂಡರೆ ಕಾಲುನೋವು” ಎಂಬ ಗಾದೆಯೇ ಉಂಟಷ್ಟೆ. ಕುದುರೆಯನ್ನು ಕಂಡೊಡನೆ ಏರುವ ಆತುರವಾಗುತ್ತದೆ. ಯಾವ ಕುದುರೆಯನ್ನು ಏರಬೇಕು, ಯಾವಾಗ ಏರಬೇಕು, ಯಾವಾಗ ಏರಬಾರದು ಎಂಬ ವಿವೇಚನೆ ಮಾತ್ರ ಹಿಂದೆ ಬೀಳುತ್ತದೆ. ಈ ವಿವೇಚನೆಯ ಬೆಲೆಯನ್ನು ತಿಳಿಯಲು ವಿಜಯನಗರದ ಚರಿತ್ರೆಯ ಕಡೆಗೇ ಒಮ್ಮೆ ಕಣ್ಣು ಹಾಯಿಸಬೇಕು.

ಆ ಕಾಲದ ಯುದ್ಧಗಳಲ್ಲಿ ರಾವುತರ ದಳವೇ ಜಯಾಪಜಯಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದಿತು. ಆದರೆ ಯುದ್ಧಕ್ಕೆ ಬೇಕಾದ ದೊಡ್ಡ ಕುದುರೆಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಪಡೆಯುವುದು ದಕ್ಷಿಣ ಭಾರತದಲ್ಲಿ ಸುಲಭವಾಗಿರಲಿಲ್ಲ. ಆದುದರಿಂದ ಅರಬ್ಬೀ ಮತ್ತು ಪಾರಸಿ ಕುದುರೆಗಳು ಹಡಗುಗಳಲ್ಲಿ ಸಮುದ್ರವನ್ನು ದಾಟಿ, ಭಟ್ಕಳ, ಗೋವೆ ಮೊದಲಾದ ರೇವುಗಳಲ್ಲಿ ಇಳಿದು, ಘಟ್ಟವನ್ನು ಹತ್ತಿ ರಾಜಧಾನಿಗೆ ಬರುತ್ತಿದ್ದವು. 1547ರಲ್ಲಿ ಸದಾಶಿವರಾಯನ ಸರ್ಕಾರವು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೇ ಮಾರಬೇಕೆಂಬುದು ಒಂದು ಮುಖ್ಯವಾದ ಷರತ್ತಾಗಿತ್ತು. ರಾಜ್ಯಗಳ ನಡುವಣ ಸ್ನೇಹ ವೈರಗಳಿಗೆ ಕುದುರೆಯು ಕಾರಣವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಫೆರ್ನಾವೊ ನೂನಿಜ್ ಎಂಬ ಮತ್ತೊಬ್ಬ ಪೋರ್ಚುಗೀಸನು ಸುಮಾರು 1535ರಲ್ಲಿ ವಿಜಯನಗರದಲ್ಲಿದ್ದನು. ಅವನು ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದನೆಂದು ವಿದ್ವಾಂಸರು ಭಾವಿಸುತ್ತಾರೆ. ಸಾಳುವ ನರಸಿಂಹನ ವಿಷಯವಾಗಿ ಅವನು ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಆ ದೊರೆಯು ಹೊರನಾಡಿನ ಕುದುರೆಗಳನ್ನು ಸಾವಿರ ಹೊನ್ನಿಗೆ ಮೂರರಂತೆ, ಬದುಕಿದ್ದರೂ ಸತ್ತಿದ್ದರೂ ಕೊಂಡುಕೊಳ್ಳುತ್ತಿದ್ದನಂತೆ. ಸಮುದ್ರದ ನಡುವೆ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿರುವ ಕುದುರೆಗೆ ಸಲ್ಲುವ ಬೆಲೆಯೇ ವ್ಯಾಪಾರಿಗೆ ಸಲ್ಲುತ್ತಿತ್ತು. ವ್ಯಾಪಾರಿಗಳು ಧೈರ್ಯಗೆಡದೆ ಮತ್ತೆ ಮತ್ತೆ ಬರಲೆಂಬುದು ಅರಸನ ಉದ್ದೇಶವಾಗಿದ್ದಿರಬೇಕು. ಅರಸನಿಗೆ ಕುದುರೆ ದೊರೆಯಿತು, ವ್ಯಾಪಾರಿಗೆ ಹಣ ದೊರೆಯಿತು. ಹಡಗಿನ ಕತ್ತಲೆಯಲ್ಲಿ ಉಸಿರು ಬಿಟ್ಟ ಮೂಕಪ್ರಾಣಿಯಿಂದ ಉಳಿದುದು ಮಾತ್ರ ಒಂದು ಬಾಲ!

ಕುದುರೆಯನ್ನು ತರಿಸುವುದು ಬೇರೆ, ಅದನ್ನು ಉಳಿಸಿಕೊಳ್ಳುವುದು ಬೇರೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳುನಾಡಿನ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಈ ಮಾತನ್ನು ಮನಗಾಣಿಸುವಂತೆ ಬರೆದಿದ್ದಾನೆ. ಅಲ್ಲಿಯ ಅರಸರು ವರ್ಷವರ್ಷವೂ ಅಪಾರ ಹಣ ಸುರಿದು ಸಹಸ್ರಾರು ಕುದುರೆಗಳನ್ನು ಕೊಳ್ಳುತ್ತಿದ್ದರು. ಆದರೆ ಅವುಗಳ ಆರೈಕೆಯನ್ನು ಬಲ್ಲವರು ಅಲ್ಲಿ ಇರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಬಹುಪಾಲು ಕುದುರೆಗಳು ಸಾಯುತ್ತಿದ್ದವು. ಕುದುರೆ ತರುತ್ತಿದ್ದ ವ್ಯಾಪಾರಿಗಳು ಅಶ್ವವೈದ್ಯರು ಆ ನಾಡಿಗೆ ಹೋಗದಂತೆ ನೋಡಿಕೊಳ್ಳುತ್ತಿದ್ದರೆಂದೂ ಅವನು ಹೇಳುತ್ತಾನೆ. ಕುದುರೆಗಳು ಸತ್ತಷ್ಟೂ ಅವರಿಗೆ ಲಾಭ. ಅಜ್ಞಾನವೂ ಲೋಭವೂ ಕೈಗೂಡಿಸಿದರೆ ಪ್ರಾಣಿಯ ಪಾಡು ಏನಾಗುತ್ತದೆಂಬುದನ್ನು ಇದರಿಂದ ಊಹಿಸಬಹುದು.

ವಿಜಯನಗರದ ಅರಸರು ಆರೈಕೆಯ ಅಗತ್ಯವನ್ನು ಅರಿತಿದ್ದರು. ಅರಮನೆಯ ಕುದುರೆಗಳನ್ನು ನೋಡಿಕೊಳ್ಳಲು ಸಾವಿರದ ಆರುನೂರು ಸೇವಕರೂ, ಅವುಗಳನ್ನು ಪಳಗಿಸಲು ಮುನ್ನೂರು ಮಂದಿ ಶಿಕ್ಷಕರೂ ಇದ್ದರೆಂದು ನೂನಿಜ್ ತಿಳಿಸುತ್ತಾನೆ. ರಾಜಧಾನಿಯ ಪೇಟೆಯಲ್ಲಿ ಮಾರಾಟಕ್ಕಿದ್ದ ಧಾನ್ಯಗಳಲ್ಲಿ ಕುದುರೆಯ ಮೆಚ್ಚಿನ ಮೇವಾದ ಹುರುಳಿಯನ್ನು ಪಾಯೆಸ್ ಹೆಸರಿಸಿದ್ದಾನೆ. ಕೃಷ್ಣದೇವರಾಯನು ಪ್ರತಿದಿನ ನಸುಕಿಗೆ ಮುನ್ನವೇ ಎದ್ದು, ಎಳ್ಳೆಣ್ಣೆ ಕುಡಿದು ಮೈಗೂ ತಿಕ್ಕಿಸಿಕೊಂಡು, ಅಂಗಸಾಧನೆ ಮಾಡಿ, ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆಯೋಡಿಸುತ್ತಿದ್ದನಂತೆ. ಸವಾರಿಯ ವೇಳೆ ಯಾವುದೆಂಬುದನ್ನು ಇಲ್ಲಿ ಗಮನಿಸಬೇಕು. ಬಿಸಿಲು ಏರುವ ಹೊತ್ತಿಗೆ ಕುದುರೆಯು ಲಾಯವನ್ನು ಸೇರಿರುತ್ತಿದ್ದಿತು.

ಕುದುರೆಯನ್ನು ಆರಿಸುವುದರಲ್ಲಿಯೂ ವಿಜಯನಗರದ ಅರಸನು ನಿಪುಣನಾಗಿದ್ದನು. ನೂನಿಜ್ ಹೇಳುವಂತೆ, ವರ್ಷಕ್ಕೆ ಕೊಳ್ಳುತ್ತಿದ್ದ ಹದಿಮೂರು ಸಾವಿರ ಕುದುರೆಗಳಲ್ಲಿ ಅತ್ಯುತ್ತಮವಾದವುಗಳನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದವುಗಳನ್ನು ನಾಯಕರಿಗೆ ಬೆಲೆ ಕಟ್ಟಿ ಕೊಡುತ್ತಿದ್ದನು. ಇಂಥ ಪರೀಕ್ಷೆಗೆ ಬೇಕಾದ ಶಾಸ್ತ್ರಜ್ಞಾನವು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೆಳೆದುಬಂದಿತ್ತು. ಶಾಲಿಹೋತ್ರನ ಹೆಸರಿನಲ್ಲಿ ಪ್ರಚಲಿತವಾಗಿರುವ ಅಶ್ವಶಾಸ್ತ್ರವು ಪ್ರಸಿದ್ಧವಾದುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಶ್ವವಿನೋದಕ್ಕೂ ಸ್ಥಾನವಿದೆ. ಅಭಿನವಚಂದ್ರನೆಂಬ ಕವಿಯು ‘ಅಶ್ವವೈದ್ಯ’ವನ್ನು ಕನ್ನಡದಲ್ಲಿಯೇ ಬರೆದನು.

ಈ ಪರಂಪರೆಯು ಕಲ್ಲಿನಲ್ಲಿಯೂ ಉಳಿದುಬಂದಿದೆ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಕಾಲಾಳುಗಳ ಸಾಲು, ನರ್ತಕಿಯರ ಸಾಲು ಹೀಗೆ ಪಟ್ಟಿಕೆಗಳು ಒಂದರ ಮೇಲೊಂದು ಬರುತ್ತವೆ. ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆಗಳನ್ನು ಹಿಡಿದು ನಡೆಸುವ ಪರದೇಶದವರನ್ನು ಕಾಣಬಹುದು. ವಿಠ್ಠಲ ದೇವಾಲಯಕ್ಕೆ ಹೋಗುವ ದಾರಿಯಲ್ಲಿ, ಕುದುರೆಯೇರಿದ ವೀರರ ಶಿಲ್ಪಗಳುಳ್ಳ ಕಂಬಗಳಿಂದಾಗಿ ‘ಕುದುರೆಗೊಂಬೆ ಮಂಟಪ’ ಎಂದೇ ಹೆಸರಾದ ಮಂಟಪವೊಂದಿದೆ. ನೋಡುವವರು ಸಾಮಾನ್ಯವಾಗಿ ವೀರನನ್ನೂ ಅವನ ಆಯುಧವನ್ನೂ ನೋಡಿ ಮುಂದೆ ಸಾಗುತ್ತಾರೆ. ಪಟ್ಟಿಕೆಗಳಲ್ಲಿ ಕುದುರೆಯ ಪಕ್ಕದಲ್ಲಿ ನಡೆಯುತ್ತಿರುವ ಆಳನ್ನು ಗಮನಿಸುವವರು ವಿರಳ. ಮೇಲೆ ಕುಳಿತವನ ಸುಖವೆಲ್ಲ ಕೆಳಗೆ ನಡೆಯುವವನ ಕೈಯಲ್ಲಿದೆಯೆಂಬುದನ್ನು ಶಿಲ್ಪಿಯು ಬಲ್ಲವನಾಗಿದ್ದನು.

ಇಂದಿನ ಪ್ರವಾಸಿಗೆ ಹದಿಮೂರು ಸಾವಿರ ಕುದುರೆಗಳಲ್ಲಿ ಆರಿಸಬೇಕಾದ ಪ್ರಸಂಗ ಬಾರದು. ಅವನ ಎದುರಿಗೆ ನಿಂತಿರುವುದು ನಾಲ್ಕೈದು ಬಾಡಿಗೆಯ ಕುದುರೆಗಳು ಮಾತ್ರ. ಹಣೆಯ ಮೇಲಿನ ಬಣ್ಣದ ಗೊಂಡೆ, ಕೊರಳಿನ ಗೆಜ್ಜೆ, ಬೆನ್ನಿನ ಮೇಲಿನ ಝಗಝಗಿಸುವ ವಸ್ತ್ರ — ಇವು ಕಣ್ಣಿಗೆ ಮೊದಲು ಬೀಳುತ್ತವೆ. ಆದರೆ ಆಯ್ಕೆಗೆ ಆಧಾರವಾಗಬೇಕಾದುದು ಆ ವಸ್ತ್ರದ ಕೆಳಗೆ ಇರುವ ಬೆನ್ನು. ಜೀನಿನ ಅಡಿಯಲ್ಲಿ ಹುಣ್ಣು, ಕೂದಲುದುರಿದ ಗಾಯ, ಊತ ಇವು ಇದ್ದರೆ ಆ ಕುದುರೆಯನ್ನು ಏರಲಾಗದು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸುವಂತಿದ್ದರೆ ಅದಕ್ಕೆ ಸಾಕಷ್ಟು ಮೇವು ದೊರೆಯುತ್ತಿಲ್ಲವೆಂದು ತಿಳಿಯಬೇಕು. ಗೊರಸು ಒಡೆದಿರಬಾರದು, ಲಾಳವು ಸಡಿಲವಾಗಿರಬಾರದು. ನಾಲ್ಕು ಹೆಜ್ಜೆ ನಡೆಸಿ ನೋಡಿದರೆ ಕುಂಟುವುದು ಗೊತ್ತಾಗುತ್ತದೆ. ಕಡಿವಾಣದಿಂದ ಬಾಯಿಯ ಅಂಚು ಹರಿದಿದೆಯೇ ಎಂಬುದನ್ನೂ ನೋಡಬೇಕು. ಹತ್ತಿರದಲ್ಲಿ ನೆರಳಿದೆಯೇ, ನೀರಿನ ತೊಟ್ಟಿಯಿದೆಯೇ ಎಂದು ಒಮ್ಮೆ ಸುತ್ತಲೂ ಕಣ್ಣಾಡಿಸಿದರೆ ಕುದುರೆಯ ದಿನಚರಿಯೆಲ್ಲ ಅರ್ಥವಾಗುತ್ತದೆ.

ಭಾರದ ವಿಷಯವು ಎರಡನೆಯದು. ಕುದುರೆಯು ತನ್ನ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೊರಬಾರದೆಂದು ತಿಳಿದವರು ಹೇಳುತ್ತಾರೆ. ಮುನ್ನೂರು ಕಿಲೋಗ್ರಾಂ ತೂಗುವ ತಟ್ಟು ಕುದುರೆಗೆ ಜೀನು ಸೇರಿ ಅರವತ್ತು ಕಿಲೋಗ್ರಾಂ ಮಿತಿಯೆಂದಾಯಿತು. ಒಂದೇ ಕುದುರೆಯ ಮೇಲೆ ತಂದೆಯೂ ಮಗನೂ ಕುಳಿತು ಫೋಟೊ ತೆಗೆಸಿಕೊಳ್ಳುವುದು ನೋಟಕ್ಕೆ ಸೊಗಸಾಗಿ ಕಾಣಬಹುದು. ಅದರ ನೋವು ಚಿತ್ರದಲ್ಲಿ ಮೂಡುವುದಿಲ್ಲ.

ಮೂರನೆಯದು ಕಾಲ. ಭಾರತ ಸರ್ಕಾರವು ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಗಟ್ಟಲು 1960ರಲ್ಲಿ ಕಾಯಿದೆಯನ್ನು ಮಾಡಿತು. ಅದಕ್ಕೆ ಅನುಸಾರವಾಗಿ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ರಕ್ಷಣೆಗಾಗಿ 1965ರಲ್ಲಿ ನಿಯಮಗಳು ಬಂದವು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಳಿಗಿಂತ ಹೆಚ್ಚು ಕಾಲ, ಅಥವಾ ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆಗಳಿಗಿಂತ ಹೆಚ್ಚು ಕಾಲ ಅವುಗಳಿಂದ ದುಡಿಸುವಂತಿಲ್ಲ. ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್ ಮೀರಿದ ಸ್ಥಳಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಕೆಲಸಕ್ಕೆ ಹಚ್ಚುವಂತಿಲ್ಲ. ತಟ್ಟುವಿನ ಮೇಲೆ ಹೇರುವ ಸಾಮಾನಿಗೆ 70 ಕಿಲೋಗ್ರಾಂ ಮಿತಿಯನ್ನು ಹಾಕಲಾಗಿದೆ. ಶಾಲೆಗಳಿಗೆ ಬೇಸಗೆಯ ರಜೆ ದೊರೆಯುವ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಆನೆಗೊಂದಿಯ ಬಂಡೆಗಳು ಕಾದ ಹಂಚಿನಂತಾಗುತ್ತವೆ. ಪ್ರವಾಸಿಗಳ ಬಿಡುವಿನ ಕಾಲವೂ ಕುದುರೆಯ ಕಷ್ಟದ ಕಾಲವೂ ಒಂದೇ ಆಗಿರುವುದು ವಿಚಾರ ಮಾಡತಕ್ಕ ಸಂಗತಿ.

ನಾಲ್ಕನೆಯದು ದಾರಿ. ಕಡಿದಾದ ಬಂಡೆಗಳ ಇಳಿಜಾರು, ನುಣುಪಾದ ಮೆಟ್ಟಿಲು, ವಾಹನಗಳು ಕಿಕ್ಕಿರಿದ ರಸ್ತೆ ಇವು ಲಾಳ ಹೊಡೆದ ಕಾಲಿಗೂ ಅನುಭವವಿಲ್ಲದ ಸವಾರನಿಗೂ ಅಪಾಯಕರ. ಗದ್ದೆಗಳ ಬದಿಯ ಮಣ್ಣಿನ ಹಾದಿಯಲ್ಲಿ, ಬೆಳಗಿನ ತಂಪಿನಲ್ಲಿ, ನಿಧಾನವಾದ ನಡಿಗೆಯ ಸವಾರಿಯೇ ಹೊಸಬರಿಗೆ ಉತ್ತಮ. ಕುಕ್ಕುಲೋಟ, ನಾಗಾಲೋಟಗಳು ಅಭ್ಯಾಸದಿಂದ ಬರತಕ್ಕವು. ಸವಾರನ ತಲೆಗೆ ಗಟ್ಟಿಯಾದ ಶಿರಸ್ತ್ರಾಣವಿರಬೇಕು. ರಿಕಾಬಿನಲ್ಲಿ ಪಾದವು ಪೂರ್ತಿ ಒಳಗೆ ಸಿಕ್ಕಿಕೊಳ್ಳಬಾರದು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ನೇರವಾಗಿ ಹಿಂದೆ ನಿಂತವರು ಅದಕ್ಕೆ ಕಾಣಿಸುವುದಿಲ್ಲ. ಆದುದರಿಂದ ಹಿಂದಿನಿಂದ ಹೋಗದೆ, ಮೆಲುದನಿಯಲ್ಲಿ ಮಾತನಾಡಿಸುತ್ತ, ಎಡಗಡೆಯಿಂದ ಅದರ ಭುಜದ ಬಳಿಗೆ ಹೋಗಬೇಕು. ಅದು ಕಿವಿಗಳನ್ನು ಹಿಂದಕ್ಕೆ ಮಡಿಸಿ ಕತ್ತಿಗೆ ಒತ್ತಿಕೊಂಡರೆ ಸಿಟ್ಟಾಗಿದೆಯೆಂದು ತಿಳಿದು ದೂರ ಸರಿಯಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಪರೀಕ್ಷಿಸಬೇಕಾದುದು ಕುದುರೆಯವನ ನಡತೆಯನ್ನು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಬಹುದು. ರಜೆಗೆಂದು ಬಂದ ಒಂದು ಕುಟುಂಬವು ಎರಡು ಕಡೆ ಕುದುರೆಗಳನ್ನು ಕಾಣುತ್ತದೆ. ಮೊದಲನೆಯವನು, “ಬರ್ರಿ ಸಾಹೇಬ್ರ, ಇಬ್ಬರೂ ಹತ್ರಿ. ಎಷ್ಟು ಜೋರ ಬೇಕಂತೀರಿ, ಅಷ್ಟು ಜೋರ ಓಡಿಸ್ತೀನಿ” ಎಂದು ಚಾವಟಿಯನ್ನು ಎತ್ತಿಕೊಳ್ಳುತ್ತಾನೆ. ಬೇವಿನ ಮರದ ನೆರಳಿನಲ್ಲಿ ಜೀನು ಬಿಚ್ಚಿ ಕುದುರೆಗೆ ನೀರು ಕುಡಿಸುತ್ತಿರುವ ಎರಡನೆಯ ಮುದುಕನು, “ಈಗ ಬ್ಯಾಡ್ರೀ ಸರ. ಬಿಸಲು ಭಾಳ ಅದ. ಹೊತ್ತಿಳಿದ ಮ್ಯಾಲೆ ಬರ್ರಿ, ಅಲ್ಲೀತನ ಇದು ದಣಿವಾರಿಸ್ಕೊಳ್ಳಲಿ” ಎನ್ನುತ್ತಾನೆ. ಮಕ್ಕಳ ಕಣ್ಣಿಗೆ ಮೊದಲನೆಯವನೇ ಒಳ್ಳೆಯವನಾಗಿ ತೋರುತ್ತಾನೆ. ಆದರೆ ಕೈಗೆ ಬರುವ ಬಾಡಿಗೆಯನ್ನು ಬಿಟ್ಟು ‘ಬೇಡ’ ಎಂದವನು ಕುದುರೆಯನ್ನು ಬಲ್ಲವನು. ಅದನ್ನು ಬಲ್ಲವನ ಕೈಯಲ್ಲಿ ಸವಾರನೂ ಸುರಕ್ಷಿತ.

ಹಾಗೆಂದು ಮೊದಲನೆಯವನನ್ನು ಕ್ರೂರಿಯೆಂದು ಹಳಿದುಬಿಡುವುದು ಸುಲಭವೇ ಹೊರತು ನ್ಯಾಯವಲ್ಲ. ಪ್ರವಾಸಿಗಳು ಬರುವುದು ಕೆಲವೇ ತಿಂಗಳುಗಳು. ಕುದುರೆಯ ಹೊಟ್ಟೆಗೆ ಮಾತ್ರ ವರ್ಷವೆಲ್ಲ ಮೇವು ಬೇಕು. ಅದರ ದಿನದ ಬಹುಭಾಗವೂ ಮೇಯುವುದರಲ್ಲಿಯೇ ಕಳೆಯತಕ್ಕದ್ದು. ಹುಲ್ಲು, ಹುರುಳಿ, ಲಾಳ, ಔಷಧ ಎಲ್ಲಕ್ಕೂ ಹಣ ಬೇಕು. ಬಾಡಿಗೆಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹತ್ತು ರೂಪಾಯಿ ಕುದುರೆಯ ಮೇವಿನಿಂದ ಕಡಿದ ಹತ್ತು ರೂಪಾಯಿಯಾಗಿರಬಹುದು. “ಇನ್ನೂ ಜೋರಾಗಿ ಓಡಿಸು” ಎಂದು ಕೂಗುವ ಸವಾರನೇ ಕುದುರೆಯವನ ಕೈಗೆ ಚಾವಟಿಯನ್ನು ಕೊಡುತ್ತಾನೆ. ಸತ್ತ ಕುದುರೆಗೂ ಹಣ ದೊರೆಯುವಾಗ ವ್ಯಾಪಾರಿಯು ಅದನ್ನು ಬದುಕಿಸಲು ಏಕೆ ಶ್ರಮಿಸಬೇಕು? ಅಂದಿನ ಅರಸನಿಗೆ ಅನ್ವಯಿಸುವ ಈ ಪ್ರಶ್ನೆಯು ಇಂದಿನ ಪ್ರವಾಸಿಗೂ ಅನ್ವಯಿಸುತ್ತದೆ. ಯಾವುದಕ್ಕೆ ಹಣ ಸಲ್ಲುತ್ತದೆಯೋ ಅದು ಬೆಳೆಯುತ್ತದೆ. ಹುಣ್ಣಾದ ಬೆನ್ನನ್ನು ಯಾರೂ ಏರದಿದ್ದರೆ ಬೆನ್ನಿಗೆ ಮದ್ದು ಬೀಳುತ್ತದೆ. ನೆರಳಿನಲ್ಲಿ ದಣಿವಾರಿಸುವ ಕುದುರೆಗಾಗಿ ಜನ ಕಾದರೆ ನೆರಳಿಗೂ ಬೆಲೆ ಬರುತ್ತದೆ.

ಯೋಗ್ಯವಾದ ಕುದುರೆ ದೊರೆಯದಿದ್ದರೆ ಕಾಲ್ನಡಿಗೆಯಲ್ಲಿ ಹೋಗಲು ಅಡ್ಡಿಯೇನು? ಆನೆಗೊಂದಿಯ ರಂಗನಾಥ ದೇವಾಲಯ, ಗಗನಮಹಲು, ಹುಚ್ಚಪ್ಪಯ್ಯನ ಮಠ, ಪಂಪಾಸರೋವರ ಇವೆಲ್ಲವನ್ನೂ ನಿಧಾನವಾಗಿ ನಡೆದೇ ನೋಡಬಹುದು. ಅಂಜನಾದ್ರಿಯ ಮೆಟ್ಟಿಲುಗಳನ್ನಂತೂ ಸ್ವಂತ ಕಾಲುಗಳಿಂದಲೇ ಹತ್ತಬೇಕು. ಸವಾರಿ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಸಾಕಿದ ಕುದುರೆಗೆ ಹದವಾದ ನಡಿಗೆಯು ಹಿತಕರವೇ ಸರಿ. ಕುದುರೆಯು ಬಾಯಿಬಿಟ್ಟು ಹೇಳಲಾರದು. ತನ್ನ ಬೆನ್ನನ್ನೂ ಗೊರಸನ್ನೂ ಕಣ್ಣನ್ನೂ ತೋರಿಸಬಲ್ಲುದು ಅಷ್ಟೆ. ಅದನ್ನು ಓದಬಲ್ಲವನೇ ನಿಜವಾದ ರಾವುತನು. ಅಂಥವನ ವಿದ್ಯೆಯು ರಿಕಾಬಿಗೆ ಕಾಲಿಡುವ ಮುನ್ನವೇ ಆರಂಭವಾಗುತ್ತದೆ.

ಪದಗಳ ಅರ್ಥ

ಹರಿಗೋಲು – ಬುಟ್ಟಿಯಾಕಾರದ ದೋಣಿ. ರಾವುತ – ಕುದುರೆ ಸವಾರ. ರೇವು – ಹಡಗು ನಿಲ್ಲುವ ಸ್ಥಳ, ಬಂದರು. ಲಾಯ – ಕುದುರೆಗಳನ್ನು ಕಟ್ಟುವ ಮನೆ. ಪ್ರಾಕಾರ – ದೇವಾಲಯದ ಸುತ್ತಲ ಗೋಡೆ. ಜೀನು – ಕುದುರೆಯ ಬೆನ್ನ ಮೇಲಣ ಆಸನ. ಕಡಿವಾಣ – ಕುದುರೆಯ ಬಾಯಿಗೆ ಹಾಕುವ ಕಬ್ಬಿಣದ ಸಲಾಕೆ. ರಿಕಾಬು – ಸವಾರನು ಪಾದವಿಡುವ ಬಳೆ. ತಟ್ಟು – ಸಣ್ಣ ಜಾತಿಯ ಕುದುರೆ. ಶಿರಸ್ತ್ರಾಣ – ತಲೆಯನ್ನು ಕಾಪಾಡುವ ಟೋಪಿ. ಕುಕ್ಕುಲೋಟ – ಕುಲುಕಾಡಿಸುವ ಮಂದಗತಿಯ ಓಟ. ನಾಗಾಲೋಟ – ಅತಿ ವೇಗದ ಓಟ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ಪಾಯೆಸನು ಕಂಡ ಹರಿಗೋಲುಗಳನ್ನು ಯಾವುದರಿಂದ ಮಾಡುತ್ತಿದ್ದರು?
2. 1547ರ ಒಪ್ಪಂದದಲ್ಲಿದ್ದ ಮುಖ್ಯವಾದ ಷರತ್ತು ಯಾವುದು?
3. ‘ಅಶ್ವವೈದ್ಯ’ವನ್ನು ಬರೆದವರು ಯಾರು?
4. ಕುದುರೆಯ ಬಳಿಗೆ ಹಿಂದಿನಿಂದ ಏಕೆ ಹೋಗಬಾರದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಸಾಳುವ ನರಸಿಂಹನು ಸತ್ತ ಕುದುರೆಗೂ ಹಣ ಕೊಡುತ್ತಿದ್ದುದರ ಉದ್ದೇಶವೇನಿರಬಹುದು? ಅದರಿಂದ ಆಗಬಹುದಾಗಿದ್ದ ಕೆಡುಕೇನು?
2. ಬಾಡಿಗೆಯ ಕುದುರೆಯನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳನ್ನು ವಿವರಿಸಿ.
3. 1965ರ ನಿಯಮಗಳು ಪ್ರಾಣಿಗಳಿಗೆ ಯಾವ ರಕ್ಷಣೆಯನ್ನು ಒದಗಿಸುತ್ತವೆ?

ಇ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿ:
1. “ಅದರ ನೋವು ಚಿತ್ರದಲ್ಲಿ ಮೂಡುವುದಿಲ್ಲ.”
2. “ಯಾವುದಕ್ಕೆ ಹಣ ಸಲ್ಲುತ್ತದೆಯೋ ಅದು ಬೆಳೆಯುತ್ತದೆ.”

ಈ) ನಿಮ್ಮ ಊರಿನಲ್ಲಿ ಎತ್ತು, ಕತ್ತೆ ಅಥವಾ ಕುದುರೆಯನ್ನು ಸಾಕುವವರೊಬ್ಬರನ್ನು ಕಂಡು, ಅವರು ಮಾಡುವ ಆರೈಕೆಯನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.